ಶರಣಮ್ಮನ ಬರಿಗಿವಿ

ನಮ್ಮತ್ತೆ ಶರಣಮ್ಮ ತಲೆ ತಿರುಗಿಸಿದರೆ ಅವರ ಕಿವಿಯ ಹಾಲೆಗಳು ತುಸು ತಡವಾಗಿ ತಿರುಗುತ್ತಿದ್ದವು. ಹುಣಸಗಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ನಾನು ಮೊದಲು ಕಂಡದ್ದು ಅವನ್ನೇ. ಮನೆತನದ ಬಂಗಾರದ ಜುಮಕಿಗಳ ಭಾರಕ್ಕೆ ಜಗ್ಗಿ ಜಗ್ಗಿ ಭುಜದ ಹತ್ತಿರಕ್ಕೆ ಇಳಿದಿದ್ದವು. ಎಡಗಿವಿಯಂತೂ ಹರಿದು ಸೀಳಾಗಿತ್ತು. ಆದರೂ ಮನೆಯವರು ಬಿಟ್ಟಿರಲಿಲ್ಲ. ಸರಪಳಿ ಮಾಡಿಸಿ, ಕೂದಲಿಗೆ ಸಿಕ್ಕಿಸಿ ಜುಮಕಿ ನಿಲ್ಲಿಸಿದ್ದರು.

"ನಿನ್ನ ಗಂಡ ಕೂಸಿದ್ದಾಗ ಜೋತುಬಿದ್ದು ಹರದಾನ. ನೀ ಅಂವನ ಕಿವಿ ಹಿಂಡಿ ಲೆಕ್ಕ ಚುಕ್ತಾ ಮಾಡು," ಎಂದು ಮದುವೆಯಾದ ಮೇಲೆ ನಗುತ್ತಿದ್ದರು.

ದೇವಾಪುರದ ಆ ಮನೆಯಲ್ಲೊಂದು ಪದ್ಧತಿ. ನಿಶ್ಚಯದ ದಿನ ಅತ್ತೆ ಎಲ್ಲರೆದುರು ತನ್ನ ಜುಮಕಿ ಬಿಚ್ಚಿ ಹಿರಿಸೊಸೆಯ ಕಿವಿಗೆ ಹಾಕಬೇಕು. ಕಿವಿಯಿಂದ ಕಿವಿಗೆ ಹೋಗಬೇಕು, ಬೇರೆ ಯಾರೂ ಹಾಕುವಂತಿಲ್ಲ. ಹಾಕಿಕೊಂಡ ಮೇಲೆ ಮಲಗುವಾಗಲೂ ತೆಗೆಯುವಂತಿಲ್ಲ. ಹಿರಿಸೊಸೆ ಆಗುವವಳು ನಾನೇ; ದಿನ ಹತ್ತಿರವಾದಂತೆ ಕನ್ನಡಿಯಲ್ಲಿ ಮತ್ತೆ ಮತ್ತೆ ನನ್ನ ಕಿವಿ ನೋಡಿಕೊಳ್ಳುತ್ತಿದ್ದೆ.

ನಿಶ್ಚಯದ ಬಟ್ಟೆ ತರಲು ಶಹಾಪುರದ ತಂಗಿಯ ಮನೆಗೆ ಹೋಗಿದ್ದ ಅತ್ತೆ, ನಿಶ್ಚಯದ ದಿನ ಅಲ್ಲಿಂದಲೇ ನೇರ ನಮ್ಮ ಮನೆಗೆ ಬಂದರು. ಎರಡೂ ಕಿವಿಗೆ ಬಿಳಿ ಪಟ್ಟಿ! ಅಲ್ಲಿಯ ಡಾಕ್ಟರ ಕೈಲಿ ಜೋತ ಚರ್ಮ ತೆಗೆಸಿ, ಸೀಳು ಕೂಡಿಸಿ, ತೂತು ಮುಚ್ಚಿಸಿ ಹೊಲಿಗೆ ಹಾಕಿಸಿಕೊಂಡಿದ್ದರು. ತುಂಬಿದ ಪಡಸಾಲೆಯಲ್ಲಿ ಮಾವ ಗುಡುಗಿದರು:

"ಗಂಡ ಜೀವಂತ ಇರೂವಾಗ ಬರಿಗಿವಿ ಮಾಡ್ಕೊಂಡು ಬಂದೀಯಲ್ಲ, ನಾ ಸತ್ತೀನೇನು?"

"ನಿಮ್ಮ ಆಯುಷ್ಯ ನನ್ನ ಕಿವ್ಯಾಗ ಐತೇನ್ರಿ? ಹಂಗಿದ್ರ ಬಿಪಿ ಗುಳಿಗಿ ಯಾಕ ನುಂಗ್ತೀರಿ?"

ಜುಮಕಿಯ ಗಂಟನ್ನು ಮಾವನ ಮುಂದಿಟ್ಟು, "ತಗೋರಿ ನಿಮ್ಮ ಮನಿತನ. ಬೇಕಾದ್ರ ನೀವ ಹಾಕ್ಕೋರಿ," ಎಂದರು. ಆಮೇಲೆ ನನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದರು. "ಎಷ್ಟ ಚಂದ ಅದಾವ ನೋಡು. ಹಿಂಗ ಇರ್ಲಿ." ನನಗೆ ಅಳು ಬಂತು. ನನ್ನ ತಾಯಿ ಕೂಡ ನನಗಾಗಿ ಅಷ್ಟು ಜನರೆದುರು ನಿಂತವರಲ್ಲ.

ಡಾಕ್ಟರು ಕೆಲವು ತಿಂಗಳು ಬಿಟ್ಟು ಬರಲು ಹೇಳಿದ್ದರಂತೆ, ಪಕ್ಕದಲ್ಲಿ ಹೊಸ ತೂತು ಮಾಡಿಕೊಡಲು. "ಮತ್ತ ಚುಚ್ಚಿಸ್ಕೊಳ್ಳಾಕ ಯಾಕ ಹೊಲಿಸ್ಕೋತೀನ್ರಿ ಸಾಹೇಬ್ರ ಅಂದೆ," ಎಂದು ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದರು.

ಊರು ಸುಮ್ಮನಿರುತ್ತದೆಯೇ? ಮದುವೆಮನೆಗಳಲ್ಲಿ ಮುತ್ತೈದೆಯರ ಉಡಿ ತುಂಬುವಾಗ ಅತ್ತೆಯನ್ನು ದಾಟಿಕೊಂಡು ಹೋಗುತ್ತಿದ್ದರು. ಇವರು ಬೇಕೆಂದೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಒಮ್ಮೆ ಸುರಪುರದಲ್ಲಿ ಹಾಗೆ ದಾಟಿಹೋದವಳ ಸೆರಗು ಹಿಡಿದು ನಿಲ್ಲಿಸಿದರು. "ನನ್ನ ಗಂಡ ಅಲ್ಲಿ ಪಂಕ್ತ್ಯಾಗ ಕುಂತು ಹೋಳಿಗಿ ತಿನ್ನಾಕತ್ಯಾರ. ಹೋಗಿ ನೋಡ್ಕೊಂಡ ಬಂದು ಉಡಿ ತುಂಬವ್ವ," ಎಂದರು. ಅವಳು ತುಂಬಿದಳು. ಮನೆಗೆ ಬಂದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಹೋದ ವರ್ಷ ಅತ್ತೆ ಎದೆನೋವು ಬಂದು, ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡರು. ಹಸಿರು ಬಳೆ ತೊಡಿಸಿ ಕುಂಕುಮ ಹಚ್ಚಿದ ಮೇಲೆ ಮಾವನ ತಂಗಿ ತನ್ನ ಓಲೆ ಬಿಚ್ಚಿ, ಸೂಜಿ ಹಿಡಿದು ಬಂದರು.

"ಮುತ್ತೈದಿ ಬರಿಗಿವಿಲೆ ಹೋಗಬಾರ್ದವ. ಸತ್ತವ್ರಿಗೇನ ನೋವು?"

"ನೋವಿಲ್ರಿ, ಖರೆ. ಆದ್ರ ಅವ್ರು ಒಲ್ಲೆ ಅಂದಿದ್ರು."

ಅತ್ತೆಯ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದೆ. ಕೈ ತೆಗೆಯಲಿಲ್ಲ. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಅವರ ತಂಗಿ ಸೂಜಿ ಕೆಳಗಿಟ್ಟರು.

ನಮ್ಮಲ್ಲಿ ಹೋದವರನ್ನು ಕೂರಿಸಿ ಒಯ್ಯುತ್ತಾರೆ. ದಾರಿಯುದ್ದಕ್ಕೂ ಮುಖ ಕಾಣುತ್ತದೆ. "ಸೆರಗಾದ್ರೂ ಕಿವಿ ಮ್ಯಾಲೆ ಎಳೀರಿ, ಮಂದಿ ನೋಡ್ತಾರ," ಎಂದು ಯಾರೋ ಎಳೆದರು. ನಾನು ಆ ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದೆ. ಮಂದಿ ನೋಡಲಿ ಎಂದೇ ಸಿಕ್ಕಿಸಿದೆ.