ಅಂಜನಮ್ಮನ ಹುಳುವಿನ ಬಕೆಟ್ಟು

ತಲಘಟ್ಟಪುರದ ಮನೆ ಓನರ್ ಅಂಜನಮ್ಮನಿಗೆ ಅವರ ಬಾಡಿಗೆದಾರರು ಇನ್ನೂ ಮೂರು ಬಕೆಟ್ ಬಸವನಹುಳು ಬಾಕಿ ಕೊಡಬೇಕು. ಆಫ್ರಿಕಾ ಮೂಲದ ಈ ಅಂಗೈಯುದ್ದದ ಹುಳು ಹಿಂದೆ ಮಳೆಗಾಲದಲ್ಲಷ್ಟೇ ತಲೆ ಎತ್ತುತ್ತಿತ್ತು; ಈಗ ಹವಾಮಾನ ಕೆಟ್ಟು ಡಿಸೆಂಬರಿನಲ್ಲೂ ಮಳೆ, ಸೆಕೆ ಎರಡೂ ಇರುವುದರಿಂದ ವರ್ಷವಿಡೀ ಮೊಟ್ಟೆಯಿಟ್ಟು, ಲೇಔಟುಗಳ ನಡುವೆ ಅಂಜನಮ್ಮನಿಗೆ ಉಳಿದಿರುವ ಒಂದೇ ತುಂಡು ಸೊಪ್ಪಿನ ತೋಟವನ್ನು ಮೇಯುತ್ತಿದೆ. ಹಾಗಾಗಿ ಮಳೆ ಬಂದ ಮಾರನೆಯ ಬೆಳಿಗ್ಗೆ ಆರಕ್ಕೇ ಹುಳು ಹೆಕ್ಕಲು ಬಾಡಿಗೆದಾರರೆಲ್ಲರ ಬಾಗಿಲು ಬಡಿಯುತ್ತಾರೆ: “ಏಳಿ ಸಾರ್, ಗ್ಲೌಸ್ ಹಾಕ್ಕೊಳಿ. ಲ್ಯಾಪ್‌ಟಾಪ್ ಎಲ್ಲೂ ಓಡೋಗಲ್ಲ.” ಮೇಲಿನ ಮನೆಯ ಭಾರ್ಗವ ಹೆಕ್ಕಿದ ಹುಳುಗಳನ್ನು ಗುಟ್ಟಾಗಿ ಪಕ್ಕದ ಖಾಲಿ ಸೈಟಿಗೆ ಬಿಟ್ಟುಬರುತ್ತಿದ್ದ. ಸಿಕ್ಕಿಬಿದ್ದಾಗ, “ಕೊಂದ್ರೆ ಪಾಪ ಅಲ್ವಾ ಆಂಟಿ?” ಎಂದ. “ಅಲ್ಲಿ ನೂರು ಮೊಟ್ಟೆ ಇಟ್ಟು ಸಂಸಾರ ಸಮೇತ ವಾಪಸ್ ಬರ್ತವಲ್ಲಪ್ಪ, ಅದು ಪುಣ್ಯಾನಾ? ಪಾಪ ನಂಗಿರ್ಲಿ, ನೀನು ಬಕೆಟ್ ತುಂಬು!” ಇಷ್ಟು ಜೋರಿನ ಹೆಂಗಸು ಹುಳುಗಳನ್ನು ಉಪ್ಪುನೀರಿಗೆ ಸುರಿಯುವಾಗ ಮಾತ್ರ ಮುಖ ತಿರುಗಿಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಕೆನ್ನೆ ಬಡಿದುಕೊಳ್ಳುತ್ತಿದ್ದರು. ಭಾರ್ಗವ ಒಂದು ದಿನ ನೋಡಿಬಿಟ್ಟ. ಅಂದಿನಿಂದ ಸುರಿಯುವವನು ಅವನೇ. ಮೂರು ವರ್ಷದ ಮೇಲೆ ಈ ಸಲ ದಂಟಿನ ಸೊಪ್ಪು ಮೊಣಕಾಲೆತ್ತರ ನಿಂತಿದೆ. ಆದರೆ ಹುಳುವಿಗೆ ಕಾಂಪೌಂಡು ಯಾವ ಲೆಕ್ಕ? ನಿನ್ನೆ ನಿಮ್ಮ ಬೀದಿಯಲ್ಲೂ ಮಳೆ ಬಂದಿದೆ. ನಿಮ್ಮ ಬಕೆಟ್ ಎಲ್ಲಿ, ಹೊರಗೆ ತನ್ನಿ.