ಇಪ್ಪತ್ತನೆಯವರು

ನಮ್ಮವರು ಸತ್ತದ್ದು ಕೆಲಸದ ವೇಳೆಯಲ್ಲಿ. ಇದನ್ನು ಮೊದಲನೇ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಅವರು ದುಡಿದ ಪ್ರೆಸ್ಸಿನಲ್ಲಿ ಇದನ್ನು ಯಾರೂ ಬರೆಯಲಿಲ್ಲ. ಪ್ರೆಸ್ಸಿನವರ ಮಾತಿನಲ್ಲಿ ಅವರು ಸತ್ತದ್ದು ದೇವಸ್ಥಾನದ ಜಗಲಿಯ ಮೇಲೆ, ನಿದ್ದೆಯಲ್ಲಿ, ಪುಣ್ಯವಂತರ ಹಾಗೆ. ಆ ಪುಣ್ಯದ ಮಾತನ್ನು ನನ್ನ ಮುಂದೆ ಆಡಿದ ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ.

ಪ್ರೆಸ್ಸು ಇದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಬಿಲ್ ಪುಸ್ತಕ, ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಇಂಥವು ಅಲ್ಲಿ ಅಚ್ಚಾಗುತ್ತಿದ್ದವು. ನಮ್ಮವರು ಬೈಂಡರ್. ಎಪ್ಪತ್ತರ ದಶಕದ ಮೊದಲಲ್ಲಿ, ನಮ್ಮ ಮದುವೆಯಾದ ಹೊಸತರಲ್ಲಿ ಸೇರಿದವರು ಬೇರೆ ಕಡೆ ಹೋಗಲೇ ಇಲ್ಲ. ಹೊಲಿಯುವುದು, ಅಂಟಿಸುವುದು, ಕತ್ತರಿಸುವುದು ಅವರ ಕೆಲಸ. ಕಾಟನ್‌ಪೇಟೆಯಿಂದ ಕೈಗಾಡಿಯಲ್ಲಿ ಕಾಗದ ಬಂದರೆ ಇಳಿಸಿಕೊಳ್ಳುವುದೂ ಅವರೇ. ಮನೆಗೆ ಬಂದಾಗ ಮೈಯೆಲ್ಲ ಮೈದಾ ಗೋಂದಿನ ವಾಸನೆ. ಕೆಲಸ ಹೆಚ್ಚಿದ್ದಾಗ ಅಚ್ಚಾದ ಹಾಳೆಗಳ ಫಾರಂಗಳನ್ನು ಕಟ್ಟಿಕೊಂಡು ಬರುತ್ತಿದ್ದರು, ವಠಾರದ ಹಜಾರದಲ್ಲಿ ಕುಳಿತು ಇಬ್ಬರೂ ಮಡಚುತ್ತಿದ್ದೆವು.

ಒಂದು ಸಂಸ್ಥೆಯಲ್ಲಿ ಇಪ್ಪತ್ತು ಜನ ಕೆಲಸಕ್ಕಿದ್ದರೆ ಮಾಲೀಕರು ಪ್ರಾವಿಡೆಂಟ್ ಫಂಡ್ ಕಟ್ಟಬೇಕೆಂದು ಕಾನೂನು. ಹತ್ತೊಂಬತ್ತಾದರೆ ಕಟ್ಟಬೇಕಿಲ್ಲ. ಆದ್ದರಿಂದ ನಮ್ಮ ಪ್ರೆಸ್ಸಿನ ಹಾಜರಿ ಪುಸ್ತಕದಲ್ಲಿ ಯಾವಾಗಲೂ ಹತ್ತೊಂಬತ್ತೇ ಜನ. ಆ ಹತ್ತೊಂಬತ್ತು ಜನಕ್ಕೆ ಇ.ಎಸ್.ಐ. ಚೀಟಿ ಇತ್ತು, ಕಾಯಿಲೆಯಾದರೆ ಡಿಸ್ಪೆನ್ಸರಿಗೆ ಹೋಗಬಹುದಿತ್ತು, ವರ್ಷಕ್ಕಿಷ್ಟು ಅಂತ ಸಂಬಳದ ರಜ ಇತ್ತು. ನಮ್ಮವರು ಸೇರಿದಾಗ ಇಪ್ಪತ್ತನೆಯವರಾಗಿ ಸೇರಿದರು. ಹಾಗೇ ಉಳಿದರು. ಅವರ ಸಂಬಳವನ್ನು ಗುಮಾಸ್ತರು ಚಿಲ್ಲರೆ ಖರ್ಚಿಗೆ ಹಾಕುತ್ತಿದ್ದರು. ದಾರ, ಗೋಂದು, ಕೈಗಾಡಿ ಬಾಡಿಗೆ, ಆಮೇಲೆ ನನ್ನ ಗಂಡ.

ಪ್ರಾವಿಡೆಂಟ್ ಫಂಡಿನ ಇನ್‌ಸ್ಪೆಕ್ಟರು ಬರುವ ಸುದ್ದಿ ಮೊದಲೇ ತಿಳಿಯುತ್ತಿತ್ತು. ಆಚೆ ರಸ್ತೆಯ, ಅಚ್ಚಿನ ಬ್ಲಾಕ್ ಮಾಡುವ ಅಂಗಡಿಯಿಂದ ಫೋನು ಬಂದರೆ ಸಾಕು, ಗುಮಾಸ್ತರು ಬೈಂಡಿಂಗ್ ಮೇಜಿನ ಹತ್ತಿರ ಬಂದು ಕೆಮ್ಮುತ್ತಿದ್ದರು. ನಮ್ಮವರು ಕೈ ತೊಳೆದುಕೊಂಡು, ಹಿಂದಿನ ಬಾಗಿಲಿಂದ ಕನ್ಸರ್ವೆನ್ಸಿ ಗಲ್ಲಿಗೆ ಇಳಿದು, ಅದರ ಕೊನೆಯಲ್ಲಿದ್ದ ದೇವಸ್ಥಾನದ ಜಗಲಿಗೆ ಹೋಗಿ ಕೂರಬೇಕು. ಇನ್‌ಸ್ಪೆಕ್ಟರು ಹೋದ ಮೇಲೆ ಯಾರಾದರೂ ಬಂದು ಕರೆಯಬೇಕು. ಕರೆಯುವವರೆಗೆ ಅವರು ಬರುವ ಹಾಗಿಲ್ಲ, ಬೇರೆಯವರು ಅವರನ್ನು ಮಾತಾಡಿಸುವ ಹಾಗೂ ಇಲ್ಲ. ಇದು ಅಲ್ಲಿಯ ಪದ್ಧತಿ. ಅರ್ಚಕರಿಗೂ ಗೊತ್ತಿತ್ತು.

"ಏನ್ ಅಳಿಯಂದ್ರೇ, ಗುಡಿಗೆ ಹೊರಟ್ರಾ?" ಎಂದು ಮಿಷಿನ್ನಿನವರು ಕಿಚಾಯಿಸುತ್ತಿದ್ದರಂತೆ.

"ಹೂಂ ಕಣ್ರಯ್ಯ. ನೀವು ದುಡೀರಿ, ನಾನು ನಿಮ್ಗೂ ಸೇರಿಸಿ ಪುಣ್ಯ ಕಟ್ಕೊಂಡ್ ಬರ್ತೀನಿ."

ಇದನ್ನು ಮನೆಗೆ ಬಂದು ನಗುನಗುತ್ತಾ ಹೇಳುತ್ತಿದ್ದರು. ಆ ನಗುವಿನ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ.

ಒಂದು ಸಲ ಅಚ್ಚಿನ ಮೊಳೆ ಜೋಡಿಸುವ ಒಬ್ಬ ಕಂಪೋಸಿಟರ್ ಕೆಲಸ ಬಿಟ್ಟು ಊರಿಗೆ ಹೋದ. ಒಂದು ಜಾಗ ಖಾಲಿಯಾಯಿತು. ನಾನು ಒತ್ತಾಯ ಮಾಡಿ ಇವರನ್ನು ಮಾಲೀಕರ ಹತ್ತಿರ ಕಳಿಸಿದೆ. ಮಾಲೀಕರು ಎದ್ದು ನಿಂತು ಹೆಗಲ ಮೇಲೆ ಕೈ ಹಾಕಿದರಂತೆ.

"ಪುಸ್ತಕದಲ್ಲಿ ಹೆಸರಿಲ್ದೇ ಇದ್ರೇನಯ್ಯಾ? ನೀನು ನಮ್ಮನೆಯವನಿದ್ದ ಹಾಗೆ. ಬರೋ ವರ್ಷ ನೋಡೋಣ."

ಆ ಜಾಗಕ್ಕೆ ಮಾಲೀಕರ ಬಾಮೈದನ ಹೆಸರು ಬಂತು. ಆತ ಮಲ್ಲೇಶ್ವರದಲ್ಲಿ ಬೇರೆ ವ್ಯಾಪಾರ ಮಾಡಿಕೊಂಡಿದ್ದವನು, ಪ್ರೆಸ್ಸಿಗೆ ಬಂದದ್ದು ಆಯುಧಪೂಜೆಯ ಪ್ರಸಾದಕ್ಕೆ ಮಾತ್ರ. ಅವನಿಗೆ ಸಂಬಳ ಕೊಟ್ಟಂತೆ ಬರೆದರೆ ಮಾಲೀಕರಿಗೆ ಇನ್‌ಕಂ ಟ್ಯಾಕ್ಸು ಕಡಿಮೆಯಾಗುತ್ತದೆ ಎಂದು ಗುಮಾಸ್ತರೇ ನಮ್ಮವರಿಗೆ ಹೇಳಿದರಂತೆ, ಏನೋ ಹವಾಮಾನ ಹೇಳುವ ಹಾಗೆ. ಇನ್‌ಸ್ಪೆಕ್ಟರು ಬಂದ ದಿನ ಬಾಮೈದ "ರಜೆಯಲ್ಲಿ" ಇರುತ್ತಿದ್ದ. ಬಾರದವನಿಗೆ ರಜ, ದಿನಾ ಬರುವವರಿಗೆ ಗುಡಿ.

"ನೀವ್ಯಾಕೆ ಸುಮ್ನೆ ಬಂದ್ರಿ? ಕೇಳ್ಬೇಕಿತ್ತು," ಅಂದೆ.

"ಏನಂತ ಕೇಳ್ಲಿ? ಕಷ್ಟಕ್ಕೆ ಆಗೋ ಮನುಷ್ಯ ಕಣೇ. ಮಗಳು ಹುಟ್ಟಿದಾಗ ಕಾರ್ ಕಳ್ಸಿದ್ರು, ಮರ್ತ್‌ಬಿಟ್ಯಾ?"

ಮರೆತಿರಲಿಲ್ಲ. ಆ ಕಾರಿನಲ್ಲಿ ಒಂದು ಸಲ ಆಸ್ಪತ್ರೆಗೆ ಹೋಗಿದ್ದಕ್ಕೆ ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅವರು ಸತ್ತ ವಾರ ಎರಡು ಮೂರು ದಿನದಿಂದ ಎದೆಯುರಿ ಅನ್ನುತ್ತಿದ್ದರು. ಇ.ಎಸ್.ಐ. ಚೀಟಿ ಇದ್ದಿದ್ದರೆ ಡಿಸ್ಪೆನ್ಸರಿಗೆ ಹೋಗುತ್ತಿದ್ದರೋ ಏನೋ. ಇರಲಿಲ್ಲವಾದ್ದರಿಂದ ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಸೋಡಾ ಕುಡಿದು, ನನಗೆ ಹೂ ತಂದರು. ಗ್ಯಾಸು, ಹೋಗುತ್ತೆ ಅಂದರು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತಂತೆ, ಗುಮಾಸ್ತರು ಕೆಮ್ಮಿದರಂತೆ. ಇವರು ಹಿಂದಿನ ಬಾಗಿಲಿಂದ ಹೋದರು. ಇನ್‌ಸ್ಪೆಕ್ಟರು ಅವತ್ತು ಬೇಗ ಎದ್ದು ಹೊರಡಲಿಲ್ಲ. ಮಸಾಲೆದೋಸೆ ತರಿಸಿದರು, ಕಾಫಿ ತರಿಸಿದರು. ಮಧ್ಯಾಹ್ನ ಬಾಗಿಲು ಹಾಕುವಾಗ ಅರ್ಚಕರು ಇವರನ್ನು ನೋಡಿದರು. ಕಂಬಕ್ಕೆ ಒರಗಿ, ಟವೆಲು ಮುಖದ ಮೇಲೆ ಹಾಕಿಕೊಂಡು ಕೂತಿದ್ದರು. ಪ್ರೆಸ್ಸಿನವನು, ಮಾಮೂಲು, ಎಬ್ಬಿಸಿದರೆ ಎದ್ದು ಪ್ರೆಸ್ಸಿಗೆ ಹೋಗಿಬಿಟ್ಟಾನು, ಪಾಪ ಮಾಲೀಕರಿಗೆ ತೊಂದರೆ, ಎಂದುಕೊಂಡು ಅರ್ಚಕರು ಊಟಕ್ಕೆ ಹೋದರು. ಇನ್‌ಸ್ಪೆಕ್ಟರು ಹೋದ ಮೇಲೆ ಕರೆಯಲು ಕಂಪೋಸಿಂಗಿನವರು ಹೋಗಿದ್ದಾರೆಂದು ಮಿಷಿನ್ನಿನವರು, ಮಿಷಿನ್ನಿನವರು ಹೋಗಿದ್ದಾರೆಂದು ಗುಮಾಸ್ತರು ತಿಳಿದುಕೊಂಡರು. ಹಾಜರಿಯಲ್ಲಿ ಹೆಸರಿದ್ದವರಾಗಿದ್ದರೆ ಸಂಜೆ ಸಹಿ ಹಾಕುವಾಗಲಾದರೂ ಇಲ್ಲವೆಂದು ಗೊತ್ತಾಗುತ್ತಿತ್ತು. ಇವರದು ಸಹಿಯೂ ಇಲ್ಲ. ಸಂಜೆ ಪೂಜೆಗೆ ಬಾಗಿಲು ತೆಗೆದಾಗ ಕೂತ ಹಾಗೇ ಕೂತಿದ್ದಾರೆ. ಅರ್ಚಕರು ಟವೆಲು ಎತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು, "ಬೆಳಿಗ್ಗೇನೇ ಕರ್ಕೊಂಡ್ ಬಂದಿದ್ರೆ ನೋಡ್ಬಹುದಿತ್ತು," ಅಂದರು. ಬೆಳಿಗ್ಗೆ ಅವರ ಸುತ್ತ ಹತ್ತಾರು ಜನ ಇದ್ದರು. ಅವರನ್ನೆಲ್ಲ ಬಿಟ್ಟು ಒಬ್ಬನೇ ಹೋಗಿ ಕೂತಿರು ಎಂದು ಕಳಿಸಿದ್ದರು.

ತಿಥಿ ಮುಗಿದ ಮೇಲೆ ಮಾಲೀಕರು ನಮ್ಮ ವಠಾರಕ್ಕೆ ಬಂದರು. ಹಣದ ಒಂದು ಕವರು ತಂದಿದ್ದರು, ಅದರ ಜೊತೆ ನನ್ನ ಸಹಿಗೆಂದು ಸ್ಟಾಂಪು ಅಂಟಿಸಿದ ಒಂದು ಕಾಗದ. ಬಡ ಕುಟುಂಬಕ್ಕೆ ಧರ್ಮಾರ್ಥ ಸಹಾಯ ಎಂದು ಅದರಲ್ಲಿ ಟೈಪಾಗಿತ್ತು.

"ಇದ್ ಬೇಡ ನಂಗೆ. ಒಂದ್ ಚೀಟಿ ಬರ್ದು ಕೊಡಿ. ಇವ್ರು ನಿಮ್ಮಲ್ಲಿ ಕೆಲಸಕ್ಕಿದ್ರು, ಕೆಲಸದ ಹೊತ್ನಲ್ಲಿ ಹೋದ್ರು ಅಂತ. ಅಷ್ಟೇ ಸಾಕು."

ಮಾಲೀಕರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಅದೊಂದ್ ಬಿಟ್ಟು ಏನ್ ಬೇಕಾದ್ರೂ ಕೇಳಮ್ಮ."

ನನಗೆ ಬೇಕಾಗಿದ್ದುದು ಅದೊಂದೇ. ಕವರನ್ನು ಹಿಂದಕ್ಕೆ ಕೊಟ್ಟೆ. ಕೊಡುವಾಗ ಒಳಗೆ ಮಗಳು ಶಾಲೆಯ ಪಾಠ ಓದಿಕೊಳ್ಳುತ್ತಿದ್ದಳು. ಅವಳ ಫೀಸಿನ ಯೋಚನೆ ಬಂದು ಕೈ ಒಂದು ಗಳಿಗೆ ಬಿಗಿಯಾಯಿತು. ಸುಳ್ಳು ಹೇಳುವುದಿಲ್ಲ.

ಹೋಗುವಾಗ ಮಾಲೀಕರು ಬಾಗಿಲಲ್ಲಿ ತಿರುಗಿ ನಿಂತರು. "ಬೇಕಾದ್ರೆ ನೀನೇ ಬಾ. ಮಡಚೋ ಕೆಲಸ ನಿಂಗೆ ಬರುತ್ತಲ್ಲ. ಅವನ ಜಾಗ ಖಾಲಿ ಇದೆ."

ಅವನ ಜಾಗ! ಯಾವ ಪುಸ್ತಕದಲ್ಲೂ ಇಲ್ಲದ ಜಾಗ ಅವತ್ತು ಹೇಗೋ ಖಾಲಿಯಾಗಿತ್ತು. ನಾನು ಹೋದೆ. ಹೊಟ್ಟೆಪಾಡಿಗೆ ಹೋದಳು ಎಂದು ವಠಾರದವರು ಅಂದುಕೊಂಡರು. ಅದೂ ನಿಜ.

ಅವರ ಮೇಜಿನ ಮುಂದೆ, ಅವರ ಸ್ಟೂಲಿನ ಮೇಲೆ ಕೂತು ಫಾರಂ ಮಡಚಿದೆ. ಕೆಲವು ತಿಂಗಳು ಕಳೆದಿರಬೇಕು. ಒಂದು ದಿನ ಫೋನು ಬಂತು. ಗುಮಾಸ್ತರು ನನ್ನ ಹತ್ತಿರ ಬಂದು ಕೆಮ್ಮಿದರು.

ನಾನು ತಲೆ ಎತ್ತಲಿಲ್ಲ.

"ಅಮ್ಮಾ, ಸ್ವಲ್ಪ ಹೊತ್ತು ದೇವಸ್ಥಾನಕ್ಕೆ ಹೋಗ್ಬನ್ನಿ."

"ನಂಗೆ ಭಕ್ತಿ ಇಲ್ಲ."

"ತಮಾಷೆ ಮಾಡ್ಬೇಡಿ, ಇನ್‌ಸ್ಪೆಕ್ಟರ್ ಸ್ಕೂಟರ್ ತಿರುವಿಗೆ ಬಂತು."

"ಬರ್ಲಿ."

ಮಿಷಿನ್ ನಿಂತಿತು. ನಮ್ಮ ವಠಾರದಲ್ಲೇ ಇದ್ದ ಮಿಷಿನ್ನಿನವನು ಓಡಿ ಬಂದ. "ಅಕ್ಕಾ, ನಿಮ್ಮಿಂದ ನಮ್ ಸಂಬಳದಲ್ಲೂ ಫಂಡಿಗೆ ಅಂತ ಹಿಡೀತಾರೆ. ಕೈಗೆ ಬರೋದು ಕಮ್ಮಿ ಆಗುತ್ತೆ. ಅಣ್ಣ ಇದ್ದಾಗ ಒಂದಿನಾನೂ ಹಿಂಗ್ ಮಾಡ್ಲಿಲ್ಲ."

"ಅದಕ್ಕೇ ಹೋದ್ರು," ಅಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ನನಗೇ ಹೊಸದು. "ನಿನ್ ಕೈಗೆ ಪೂರ್ತಿ ಬರ್ಲಿ ಅಂತ ನಿಮ್ಮಣ್ಣ ಗುಡೀಲಿ ಕೂತಿದ್ರು. ಹೋಗಿ ಕರೆಯೋಕೆ ನಿಂಗೆ ಕಾಲಿರ್ಲಿಲ್ಲ."

ಅವನು ಹಿಂದಕ್ಕೆ ಸರಿದ. ಇನ್‌ಸ್ಪೆಕ್ಟರು ಒಳಗೆ ಬಂದರು. ಅದೇ ಮನುಷ್ಯ, ದೋಸೆ ತಿಂದವರು. ಪುಸ್ತಕ ಹಿಡಿದು ಹೆಸರು ಕೂಗಿದರು. ಬಾಮೈದ ರಜೆಯಲ್ಲಿದ್ದ. ಹತ್ತೊಂಬತ್ತೂ ಮುಗಿದ ಮೇಲೆ ನನ್ನ ಮೇಜಿನ ಕಡೆ ನೋಡಿದರು.

"ಇವ್ರ್ಯಾರು?"

"ಒಬ್ರು ತೀರ್ಕೊಂಡ್ರಲ್ಲ ಸಾರ್, ಅವ್ರ ಮನೆಯವ್ರು," ಗುಮಾಸ್ತರು ಒಂದೇ ಉಸಿರಿನಲ್ಲಿ ಅಂದರು. "ಸುಮ್ನೆ ಬಂದಿದಾರೆ."

"ಸುಮ್ನೆ ಬಂದಿಲ್ಲ. ಇಲ್ಲಿ ಕೆಲಸ ಮಾಡ್ತೀನಿ," ಅಂದೆ. "ಇದಕ್ಕೆ ಮುಂಚೆ ಇದೇ ಸ್ಟೂಲ್ ಮೇಲೆ ನಮ್ಮೆಜಮಾನ್ರು ಮಾಡ್ತಿದ್ರು. ನೀವ್ ಬಂದಾಗ್ಲೆಲ್ಲ ಅವ್ರನ್ನ ಹೊರಗೆ ಕಳಿಸ್ತಿದ್ರು. ಮೊದ್ಲು ಅವ್ರನ್ನ ಬರ್ಕೊಳ್ಳಿ, ಆಮೇಲೆ ನನ್ನ."

ಇನ್‌ಸ್ಪೆಕ್ಟರು ಮಾಲೀಕರ ರೂಮಿನ ಕಡೆ ನೋಡಿದರು. ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ನೋಡುತ್ತಿದ್ದ ಕಾರಣ ಇಬ್ಬರಿಗೂ ಒಳಗೆ ಹೋಗಿ ಕೂರಲು ಆಗಲಿಲ್ಲ.

"ಸತ್ತವರನ್ನ ಎಣಿಸೋಕೆ ಕಾನೂನಲ್ಲಿ ದಾರಿ ಇಲ್ಲಮ್ಮ," ಇನ್‌ಸ್ಪೆಕ್ಟರು ನಿಧಾನವಾಗಿ ಅಂದರು. "ಇವತ್ತು ನಾನು ಕಣ್ಣಲ್ಲಿ ಯಾರನ್ನ ನೋಡ್ತೀನೋ ಅವರನ್ನ ಬರೀಬಹುದು."

"ಅವ್ರು ಬದುಕಿದ್ದಾಗ ನೀವು ಈ ಹಿಂದಿನ ಬಾಗ್ಲು ತೆಗ್ದು ನೋಡ್ಬಹುದಿತ್ತು."

ಇನ್‌ಸ್ಪೆಕ್ಟರು ಗುಮಾಸ್ತರ ಕಡೆ ತಿರುಗಿ, "ಬರೀರಿ ಇವರ ಹೆಸರು," ಅಂದರು. ಮಾಲೀಕರು ಬಾಗಿಲು ಹಾಕಿಕೊಂಡರು. ಗುಮಾಸ್ತರು ಪುಸ್ತಕ ತೆಗೆದು ಇಪ್ಪತ್ತನೇ ಸಾಲಿನಲ್ಲಿ ನನ್ನ ಹೆಸರು ಬರೆದರು. ಮುಂದಿನ ಕಾಲಮ್ಮಿನಲ್ಲಿ ತಂದೆಯ ಅಥವಾ ಗಂಡನ ಹೆಸರು ಬರೆಯಬೇಕಿತ್ತು. ಪೆನ್ನು ಅಲ್ಲಿ ನಿಂತಿತು. ಅವರಿಗೆ ಆ ಹೆಸರು ಗೊತ್ತಿಲ್ಲವೆಂದಲ್ಲ, ಅಷ್ಟು ವರ್ಷ ದಿನಾ ಕೂಗಿ ಕರೆದ ಹೆಸರು. ಆದರೂ ನನ್ನನ್ನೇ ಕೇಳಿದರು. ನಾನು ಹೇಳಿದೆ, ಮಿಷಿನ್ನಿನವರಿಗೂ ಕಂಪೋಸಿಂಗಿನವರಿಗೂ ಕೇಳುವ ಹಾಗೆ ಹೇಳಿದೆ. ಗುಮಾಸ್ತರು ಬರೆದು, ಊದಿ ಆರಿಸಿದರು.

ಅವರು ದುಡಿದ ಪ್ರೆಸ್ಸಿನ ಪುಸ್ತಕದಲ್ಲಿ ಅವರ ಹೆಸರಿರುವುದು ಅಲ್ಲೊಂದೇ ಕಡೆ, ನನ್ನ ಗಂಡ ಎಂದು. ಅಷ್ಟರಿಂದ ನನಗೆ ಸಮಾಧಾನವಾಯಿತೆಂದು ಯಾರೂ ತಿಳಿಯಬೇಡಿ.