ಸೀತಾಮಹಾಲಕ್ಷ್ಮಿ ಗಾಡಿ ನಿಲ್ಲಿಸಿದ ಜಾಗ

ನನ್ನ ಗಂಡ ತೀರಿಕೊಂಡ ಹನ್ನೆರಡನೆಯ ದಿನ ಸೀತಾಮಹಾಲಕ್ಷ್ಮಿ ಮನೆಗೆ ಬಂದಳು. ಕೈಯಲ್ಲಿ ಎರಡು ಅಂಗಿ. ಇಸ್ತ್ರಿ ಮಾಡಿ, ಮಡಿಚಿ, ಹಳೆ ಪೇಪರಿನಲ್ಲಿ ಸುತ್ತಿದ್ದಳು. ಸಾಯುವ ದಿನ ಬೆಳಿಗ್ಗೆ ಅವರು ಅವಳಿಗೆ ಕೊಟ್ಟುಹೋದ ಅಂಗಿಗಳು.

“ತಗೋ ವದಿನಾ,” ಅಂದಳು. ವದಿನ ಅಂದರೆ ತೆಲುಗಿನಲ್ಲಿ ಅತ್ತಿಗೆ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ್ದ ಒಂದು ಕಾಗದ ತೆಗೆದು ಮುಂದೆ ಹಿಡಿದಳು. “ಇಲ್ಲಿ ಸಹಿ ಹಾಕು.”

ಸಮಾಧಾನದ ಮಾತು ಒಂದೂ ಇಲ್ಲ. ಮನೆ ತುಂಬ ನೆಂಟರು. ಸಿರಾದಿಂದ ಬಂದಿದ್ದ ನನ್ನ ನಾದಿನಿಗೆ ಸಿಟ್ಟು ಬಂತು. “ಸಾವಿನ ಮನೇಗ್ ಬಂದು ಸಹಿ ಕೇಳ್ತಾಳಲ್ಲ, ನಾಚ್ಕೆ ಬ್ಯಾಡ್ವಾ ಇವ್ಳಿಗೆ?”

“ಏನಂತೆ ಆಯಮ್ಮನಿಗೆ?” ಎಂದು ಕನ್ನಡ ಬಾರದ ಸೀತಾಮಹಾಲಕ್ಷ್ಮಿ ನನ್ನನ್ನು ಕೇಳಿದಳು.

“ನಿನಗೆ ನಾಚಿಕೆ ಇಲ್ವಾ ಅಂತಾರೆ.”

“ಇತ್ತು. ಆ ತಿರುವಿನಲ್ಲಿ ನಾಲ್ಕು ಹೆಣ ಎತ್ತಿದ ಮೇಲೆ ಹೋಯಿತು.”

ನಾನು ಸಹಿ ಹಾಕಿದೆ. ಕನ್ನಡದಲ್ಲಿ ಹಾಕಿದೆ. ನನಗೆ ಬರೆಯಲು ಬರುವುದು ಅದೊಂದೇ.

ಅವಳು ಶ್ರೀಕಾಕುಳದ ಕಡೆಯವಳು. ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ನಮ್ಮ ಕಾಲೊನಿಯ ಗೇಟಿನ ಪಕ್ಕ ಅವಳ ಇಸ್ತ್ರಿ ಗಾಡಿ. ನಾಲ್ಕು ಚಕ್ರ, ಮೇಲೆ ತಗಡು, ಹಲಗೆಯ ಮೇಲೆ ದಪ್ಪ ಕಂಬಳಿ, ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ವಯಸ್ಸು ಐವತ್ತೆಂಟೋ ಅರವತ್ತೋ. ಅವಳಿಗೂ ಸರಿಯಾಗಿ ಗೊತ್ತಿಲ್ಲ. ಗಂಡ ಮೊದಲೇ ಹೋಗಿದ್ದ. ಬೆಳಿಗ್ಗೆ ಮನೆಮನೆಗೆ ಹೋಗಿ ಬಟ್ಟೆ ತರುವುದು, ಸಂಜೆ ಮನೆಮನೆಗೆ ಕೊಡುವುದು. ಇನ್ನೂರು ಮನೆಯ ಬಟ್ಟೆ. ಯಾವುದು ಯಾರದು ಎಂದು ಬರೆದಿಡುತ್ತಿರಲಿಲ್ಲ. ಕಾಲರ್ ನೋಡಿದರೆ ಕತ್ತು ಯಾರದು ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಗಾಡಿಯ ಎದುರು ದೊಡ್ಡ ರಸ್ತೆ. ರಸ್ತೆಯ ಆಚೆ ಬಸ್ ಸ್ಟಾಪು. ನಡುವೆ ತಿರುವು. ಜಲ್ಲಿ ಟಿಪ್ಪರುಗಳು ತಿರುವು ಮುಗಿಯುವ ತನಕ ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ. ಬಸ್ಸಿನಿಂದ ಇಳಿದವರು ಅಲ್ಲೇ ದಾಟಬೇಕು, ಬೇರೆ ದಾರಿ ಇಲ್ಲ. ಅಲ್ಲಿ ಒಂದು ಹಂಪ್ ಹಾಕಿ ಎಂದು ಆರು ವರ್ಷದಿಂದ ಅವಳು ಅರ್ಜಿ ಕೊಡುತ್ತಿದ್ದಳು. ಪ್ರತಿ ಸಲ ಆಫೀಸಿನಲ್ಲಿ ಒಂದೇ ಮಾತು: ನಿನಗೇನು ಸಂಬಂಧ? ನಿನ್ನ ಮನೆಯವರು ಯಾರಾದರೂ ಸತ್ತಿದ್ದಾರಾ? ಸತ್ತವರ ಮನೆಯವರೋ, ಊರು ಬಿಟ್ಟು ಹೋಗಿದ್ದರು. ಅದಕ್ಕೇ ಅವಳಿಗೆ ನನ್ನ ಸಹಿ ಬೇಕಾಗಿತ್ತು.

ನನ್ನ ಗಂಡನ ಹೆಸರು ಕೆಂಪಣ್ಣ. ಮೂವತ್ತೊಂದು ವರ್ಷ ಉಕ್ಕಿನ ಪ್ಲಾಂಟಿನಲ್ಲಿ ಫಿಟ್ಟರ್ ಆಗಿದ್ದರು. ರಿಟೈರ್ ಆದ ಮೇಲೂ ಮನೆಯಲ್ಲಿ ಕೂರಲಿಲ್ಲ. ಪ್ಲಾಂಟನ್ನು ಖಾಸಗಿಯವರಿಗೆ ಮಾರಬೇಡಿ ಎಂದು ಕಾರ್ಮಿಕರು ಹಾಕಿದ್ದ ಧರಣಿ ಟೆಂಟಿಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದರು. ಎರಡು ಬಸ್ಸು ಬದಲಿಸಬೇಕು. ಇಸ್ತ್ರಿ ಗಾಡಿಯ ಮುಂದೆ ಹಾದುಹೋಗುವಾಗ ಅವಳು ಬಿಡುತ್ತಿರಲಿಲ್ಲ.

“ಅನ್ನಯ್ಯಾ, ದೇಶದ ಕಾರ್ಖಾನೆ ಉಳಿಸೋಕೆ ಹೊರಟಿರಾ? ಉಳಿಸಿ, ಉಳಿಸಿ. ಈ ತಿರುವಿಗೂ ಒಂದು ದಿನ ಕೂರಿ. ಇದು ನಿಮ್ಮ ಮನೆ ಹತ್ತಿರಾನೇ ಇದೆ, ಬಸ್ಸೂ ಬೇಡ.”

“ಆಯ್ತು ಕಣಮ್ಮ, ಅದೊಂದು ಮುಗೀಲಿ, ಬತ್ತೀನಿ,” ಎನ್ನುತ್ತಿದ್ದರು. ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ದಿನ ಟೆಂಟಿನಿಂದ ಬಂದು ಬಸ್ ಇಳಿದು ದಾಟುವಾಗ ಟಿಪ್ಪರ್ ಬಂತು. ಸಂಜೆ ಐದೂವರೆ. ಗಾಡಿ ಬಿಟ್ಟು ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವಳು ಸೀತಾಮಹಾಲಕ್ಷ್ಮಿ. ಕೊನೆಗೆ ಏನಾದರೂ ಹೇಳಿದರಾ ಎಂದು ನಾನು ಅವಳನ್ನು ಕೇಳಿದ್ದೆ.

“ಏನೂ ಹೇಳಲಿಲ್ಲ ವದಿನಾ. ಸುಳ್ಳು ಹೇಳಿ ನಿನ್ನನ್ನ ಸಮಾಧಾನ ಮಾಡಲ್ಲ.”

ಅದಕ್ಕೇ ನಾನು ಅವಳ ಹಿಂದೆ ಹೋದೆ ಎಂದು ಈಗ ಅನ್ನಿಸುತ್ತದೆ. ಬೇರೆಯವರೆಲ್ಲ ಏನೇನೋ ಹೇಳಿದ್ದರು.

ಕಲೆಕ್ಟರ್ ಆಫೀಸಿನಲ್ಲಿ ಸೋಮವಾರ ಅರ್ಜಿ ತೆಗೆದುಕೊಳ್ಳುವ ದಿನ. ಇಬ್ಬರೂ ಹೋಗಿ ಸಾಲಿನಲ್ಲಿ ನಿಂತೆವು. ಅವಳ ಹೆಸರನ್ನು ಗುಮಾಸ್ತ ‘ಸೀತಮ್ಮ’ ಎಂದು ಬರೆದ. ಹೊಡೆದುಹಾಕಿಸಿ ಪೂರ್ತಿ ಬರೆಸಿದಳು. ನನ್ನ ಫೋನ್ ನಂಬರು ತೆಗೆದುಕೊಂಡರು. ಅದು ನನ್ನದಲ್ಲ, ಅವರದೇ ಫೋನು, ಈಗ ನನ್ನ ಹತ್ತಿರ ಇತ್ತು. ಈ ಸಲ ಅರ್ಜಿ ವಾಪಸ್ಸು ಬರಲಿಲ್ಲ. ಹೆಂಡತಿ ಅನ್ನುವುದಕ್ಕೆ ಕಾಗದ ಇತ್ತಲ್ಲ.

ಕೆಡಿಸಿದವಳು ನಾನು.

ಗಂಡ ಸತ್ತ ಮೇಲೆ ಆ ಫೋನು ಸುಮ್ಮನಿರಲಿಲ್ಲ. ಪಿಂಚಣಿಗೆ ಒಂದು ಓಟಿಪಿ, ಗ್ಯಾಸಿನ ಹೆಸರು ಬದಲಿಸಲು ಒಂದು, ಕರೆಂಟಿಗೆ ಒಂದು, ಆಧಾರಿಗೆ ಒಂದು. ಯಾರೋ ಫೋನ್ ಮಾಡುತ್ತಾರೆ, “ಅಮ್ಮಾ, ಒಂದು ನಂಬರು ಬಂದಿದೆ ನೋಡಿ,” ಎನ್ನುತ್ತಾರೆ. ನಾನು ಓದಿ ಹೇಳುತ್ತೇನೆ. ಎರಡು ತಿಂಗಳು ಅದೇ ನನ್ನ ಕೆಲಸ. ಒಂದು ದಿನ ಅಡುಗೆ ಮಾಡುತ್ತಿದ್ದಾಗ ಒಬ್ಬ ಹುಡುಗಿ ಫೋನ್ ಮಾಡಿದಳು. ಬಹಳ ಮರ್ಯಾದೆಯ ತೆಲುಗು. ನಂಬರು ಹೇಳಿ ಎಂದಳು, ಹೇಳಿದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಯಾವುದಕ್ಕೆ ಎಂದು ಕೇಳಲಿಲ್ಲ.

ಅದು ಹಂಪಿನ ಅರ್ಜಿಯದು. ಅರ್ಜಿ ಕೊಟ್ಟವರು ಆ ನಂಬರು ಹೇಳಿದರೆ ಕೆಲಸ ಆಗಿದೆ, ತೃಪ್ತಿ ಆಗಿದೆ ಎಂದು ಲೆಕ್ಕ. ಅರ್ಜಿ ಮುಚ್ಚುತ್ತಾರೆ. ಮುಂದಿನ ಸೋಮವಾರ ವಿಚಾರಿಸಲು ಹೋದಾಗ ಗುಮಾಸ್ತ ಕಂಪ್ಯೂಟರ್ ತಿರುಗಿಸಿ ತೋರಿಸಿದ. “ನೀವೇ ಒಪ್ಪಿದ್ದೀರಿ ಕದಮ್ಮಾ, ಅಲ್ವಾ?”

ಹೊರಗೆ ಬಂದ ಮೇಲೆ ಸೀತಾಮಹಾಲಕ್ಷ್ಮಿ ಮಾತಾಡಿದಳು. “ಆರು ವರ್ಷ ನನ್ನ ಕಾಗದ ಕಸದ ಬುಟ್ಟಿಗೆ ಹೋಯಿತು. ನಿನ್ನದು ಮೇಲಕ್ಕೆ ಹೋಗಿತ್ತು. ನೀನು ಸಾರು ಮಾಡ್ತಾ ಮಾಡ್ತಾ ತೃಪ್ತಿ ಅಂತ ಬರೆಸಿಬಿಟ್ಟೆ. ಅನ್ನಯ್ಯ ಸತ್ತಿದ್ದು ತೃಪ್ತಿನಾ?”

ಮಾತು ಚೆನ್ನಾಗಿ ನಾಟಿತು. ನಾನು ಅಳಲಿಲ್ಲ. “ಈಗ ಏನು ಮಾಡೋದು ಹೇಳು,” ಅಂದೆ.

ಅವಳು ನನ್ನ ಮುಖ ನೋಡಿದಳು. “ವಿಜಯವಾಡ. ಮುಚ್ಚಿದ್ದನ್ನ ತೆಗೆಯೋ ದೊಡ್ಡ ಆಫೀಸು ಅಲ್ಲಿದೆ. ನಿನ್ನ ಮಗಳು ಅಲ್ಲೇ ಇರೋದು ಕದಾ?”

ನನ್ನ ಮಗಳು ಅಪೂರ್ವ ವಿಜಯವಾಡದಲ್ಲಿ ಆಟೋನಗರದ ಹತ್ತಿರ ಇದ್ದಾಳೆ. ಅಳಿಯ ಬ್ಯಾಂಕಿನಲ್ಲಿ. ಬೆಳಗಿನ ರೈಲು ಹತ್ತಿ ಮಧ್ಯಾಹ್ನ ತಲುಪಿದೆವು. ಅವಳ ಬೀದಿಯ ಪಕ್ಕದಲ್ಲೇ ಲಾರಿಗಳ ರಿಪೇರಿ ಶೆಡ್ಡುಗಳು, ಇಡೀ ದಿನ ಸುತ್ತಿಗೆ ಸದ್ದು. ಸೀತಾಮಹಾಲಕ್ಷ್ಮಿ ಒಂದು ಶೆಡ್ಡಿನ ಮುಂದೆ ನಿಂತು, ಟಿಪ್ಪರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್‌ಗೆ ಹೇಳಿದಳು, “ಬಾಬೂ, ಹಾರ್ನ್ ತೆಗೆದುಬಿಡು, ಬ್ರೇಕ್ ಮಾತ್ರ ಹಾಕು.” ಅವನು ಕೆಳಗಿಂದಲೇ ನಕ್ಕ.

ಅಪೂರ್ವ ಊಟ ಬಡಿಸುತ್ತಾ ಕನ್ನಡ ತೆಲುಗು ಬೆರೆಸಿ ಕೇಳಿದಳು, “ಅಮ್ಮಾ, ನೀನು ಯಾಕೆ ಹೀಗೆ ತಿರುಗ್ತೀಯ? ಅಪ್ಪ ಹೋದ್ರು ಕದಾ. ಇನ್ನು ಹಂಪ್ ಬಂದ್ರೆ ಏನು, ಬರದಿದ್ರೆ ಏನು?”

ಸೀತಾಮಹಾಲಕ್ಷ್ಮಿ ಅನ್ನ ಕಲಸುವುದನ್ನು ನಿಲ್ಲಿಸಿದಳು.

“ನಿನ್ನ ಅಪ್ಪ ಬರಲ್ಲಮ್ಮ. ಬಸ್ಸು ಬರುತ್ತೆ. ದಿನಾ ಬರುತ್ತೆ. ಜನ ಇಳೀತಾರೆ.”

ಅಪೂರ್ವ ಅವತ್ತೇ ಕೂತು ತೆಲುಗಿನಲ್ಲಿ ಹೊಸ ಕಾಗದ ಬರೆದಳು. ಅವಳ ತೆಲುಗು ಚೆನ್ನಾಗಿದೆ. ಸತ್ತ ನಾಲ್ಕು ಜನರ ಹೆಸರು, ತಾರೀಖು, ಪೊಲೀಸ್ ಕೇಸಿನ ನಂಬರು ಸೀತಾಮಹಾಲಕ್ಷ್ಮಿ ಬಾಯಲ್ಲೇ ಹೇಳಿದಳು.

ಮರುದಿನ ದೊಡ್ಡ ಆಫೀಸಿಗೆ ಹೋದೆವು. ಅಲ್ಲಿನ ಇಂಜಿನಿಯರ್ ಹೆಸರು ಜಗದೀಶ್. ಕೆಟ್ಟವನಲ್ಲ. ಕೂರಿಸಿದ, ನೀರು ತರಿಸಿದ. ಕಾಗದ ಪೂರ್ತಿ ಓದಿ ತಲೆ ಅಲ್ಲಾಡಿಸಿದ.

“ಅಮ್ಮಾ, ದೊಡ್ಡ ರಸ್ತೆಗೆ ಸುಮ್ಮನೆ ಹಂಪ್ ಹಾಕುವ ಹಾಗಿಲ್ಲ. ಅಪಾಯದ ಜಾಗ ಅಂತ ತೀರ್ಮಾನ ಆಗಬೇಕು. ಅದಕ್ಕೆ ಮೂರು ವರ್ಷದಲ್ಲಿ ಹತ್ತು ಸಾವು ಆಗಿರಬೇಕು. ನಿಮ್ಮದು ನಾಲ್ಕೇ.”

“ಇನ್ನು ಆರು ಬೇಕಾ ಬಾಬೂ?” ಎಂದಳು ಸೀತಾಮಹಾಲಕ್ಷ್ಮಿ. “ಬರೆದುಕೊಳ್ಳಿ. ಮೊದಲನೇದು ನಾನು. ಎರಡನೇದು ಈ ವದಿನ. ಮಿಕ್ಕ ನಾಲ್ಕು ನಿಮ್ಮ ಆಫೀಸಿಂದ ಕೊಡಿ.”

ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ನೋಡಿದರು. ಜಗದೀಶ್ ಸಿಟ್ಟಾಗಲಿಲ್ಲ. ಕಂಪ್ಯೂಟರ್ ನೋಡಿದ. “ಆದರೆ ಹಿಂದಿನ ಅರ್ಜಿಯಲ್ಲಿ ಅರ್ಜಿದಾರರಿಗೆ ತೃಪ್ತಿ ಆಗಿದೆ ಅಂತ ಇದೆ.”

“ಅರ್ಜಿದಾರರು ಎದುರಿಗೇ ಕೂತಿದ್ದಾರೆ. ಕೇಳಿ.”

ಅವನು ನನ್ನ ಕಡೆ ತಿರುಗಿದ. ನನ್ನ ತೆಲುಗು ತರಕಾರಿ ಕೊಳ್ಳುವ ತೆಲುಗು. ಇದ್ದಷ್ಟರಲ್ಲಿ ಹೇಳಿದೆ. ನಾನು ಕಮಲಾಕ್ಷಿ, ಕೆಂಪಣ್ಣನ ಹೆಂಡತಿ. ನನಗೆ ತೃಪ್ತಿ ಆಗಿಲ್ಲ. ನಂಬರು ಯಾವುದಕ್ಕೆ ಅಂತ ಗೊತ್ತಿಲ್ಲದೆ ಕೊಟ್ಟೆ. ತಪ್ಪು ನನ್ನದು. ಅದಕ್ಕೆ ಬೇರೆಯವರು ಸಾಯಬಾರದು.

ಅವನು ಜಾಗ ನೋಡಿ ವರದಿ ಕೊಡಿ ಎಂದು ವಿಶಾಖಪಟ್ಟಣಕ್ಕೆ ಆರ್ಡರ್ ಬರೆದ. ತಾರೀಖು ಹಾಕು ಎಂದು ಸೀತಾಮಹಾಲಕ್ಷ್ಮಿ ಎದ್ದು ನಿಂತಳು. ಹಾಕಿಸಿಕೊಂಡೇ ಬಂದಳು.

ಹೇಳಿದ ತಾರೀಖಿಗೆ ಜನ ಬಂದರು. ಟೇಪು ಹಿಡಿದರು, ಅಳೆದರು. ಹಂಪ್ ಮಂಜೂರಾಯಿತು ಅಂದರು. ಕಾಲೊನಿಯವರು ಚಪ್ಪಾಳೆ ತಟ್ಟಿದರು. ಮರುದಿನ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಅವಳು ಹೋಗಿ ನೋಡಿದಳು. ಗುರುತು ತಿರುವಿನಲ್ಲಿ ಇರಲಿಲ್ಲ. ಇನ್ನೂರು ಹೆಜ್ಜೆ ಆಚೆ, ಮದುವೆ ಮಂಟಪದ ಗೇಟಿನ ಮುಂದೆ ಇತ್ತು. ಮಂಟಪದ ಯಜಮಾನ ಕೇಳಿಕೊಂಡಿದ್ದನಂತೆ, ಮದುವೆಗೆ ಬರುವ ಕಾರುಗಳು ತಿರುಗಲು ಅನುಕೂಲ ಎಂದು.

ಕಾಲೊನಿಯ ಸಂಘದವರು, “ಎಲ್ಲೋ ಒಂದು ಕಡೆ ಬಂತಲ್ಲ ಸೀತಮ್ಮ, ಈಗ ಜಗಳ ಬೇಡ,” ಅಂದರು.

ಅವಳು ಜಗಳ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಎಂದಿನಂತೆ ಎಲ್ಲ ಮನೆಯಿಂದ ಬಟ್ಟೆ ತಂದಳು. ಗಾಡಿಯನ್ನು ಗೇಟಿನಿಂದ ತಳ್ಳಿದಳು, ನಾನು ಹಿಂದಿನಿಂದ ತಳ್ಳಿದೆ. ನನ್ನ ಗಂಡ ಬಿದ್ದ ಜಾಗದಲ್ಲಿ, ರಸ್ತೆಯ ಮೇಲೆ, ನಿಲ್ಲಿಸಿದಳು. ಚಕ್ರಕ್ಕೆ ಕಲ್ಲು ಕೊಟ್ಟಳು. ಮುಂದೆ ಐವತ್ತು ಹೆಜ್ಜೆ ದೂರದಲ್ಲಿ ಒಂದು ಕೋಲಿಗೆ ಕೆಂಪು ಲಂಗ ಕಟ್ಟಿ ನೆಟ್ಟಳು. ಇದ್ದಿಲು ಹೊತ್ತಿಸಿ ಇಸ್ತ್ರಿ ಶುರು ಮಾಡಿದಳು. ಟಿಪ್ಪರುಗಳು ಹಾರ್ನ್ ಬಾರಿಸಿದವು. ಬಾರಿಸುತ್ತಾ ನಿಧಾನ ಮಾಡಿದವು. ಬೇರೆ ದಾರಿ ಇರಲಿಲ್ಲ.

ಸಂಜೆ ಅವಳು ಯಾರ ಮನೆಗೂ ಬಟ್ಟೆ ಕೊಡಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕಾಲೊನಿಯಲ್ಲಿ ಗಲಾಟೆ. ಎಲ್ಲರ ಆಫೀಸಿನ ಅಂಗಿ ರಸ್ತೆಯ ಮೇಲೆ. ಬ್ಯಾಂಕಿನವರು, ಪ್ಲಾಂಟಿನವರು, ಮೇಷ್ಟ್ರು, ಬನಿಯನ್ ಹಾಕಿಕೊಂಡು, ಲುಂಗಿ ಎತ್ತಿ ಕಟ್ಟಿಕೊಂಡು ಬಂದರು.

“ಏನಮ್ಮಾ ಇದು? ನನಗೆ ಎಂಟಕ್ಕೆ ಮೀಟಿಂಗು!”

“ಸಾಲಾಗಿ ನಿಂತುಕೊಳ್ಳಿ ಬಾಬೂ. ಕೊಡ್ತೀನಿ. ಒಂದೊಂದೇ ಕೊಡ್ತೀನಿ.”

ಮೂವತ್ತು ಜನ ಬನಿಯನ್ನಿನಲ್ಲಿ ಸಾಲಾಗಿ ನಿಂತರು. ಅವರ ಬೆನ್ನ ಹಿಂದೆ ಟಿಪ್ಪರುಗಳು. ತಿರುವಿನಿಂದ ಬಂದ ಒಂದು ಟಿಪ್ಪರ್ ಕೆಂಪು ಲಂಗ ನೋಡಿ ಕಿರ್ರೆಂದು ಬ್ರೇಕ್ ಹಾಕಿತು. ಸಾಲು ಚೆಲ್ಲಾಪಿಲ್ಲಿ ಆಯಿತು. ಸಂಘದ ಕಾರ್ಯದರ್ಶಿ ಚರಂಡಿಗೆ ಹಾರಿದರು.

“ಏನಾಯಿತು ಸಾರ್?” ಎಂದು ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಕೇಳಿದಳು. “ಹಂಪ್ ಮದುವೆ ಮಂಟಪದ ಹತ್ತಿರ ಬಂತಲ್ಲ, ಎಲ್ಲೋ ಒಂದು ಕಡೆ!”

ಯಾರೂ ನಗಲಿಲ್ಲ. ಕಾರ್ಯದರ್ಶಿ ಕೆಸರು ಕಾಲಿನಲ್ಲೇ ನಿಂತು ಫೋನ್ ತೆಗೆದರು. ಅವರನ್ನು ನೋಡಿ ಉಳಿದವರೂ ತೆಗೆದರು. ಗೊತ್ತಿದ್ದ ಅಧಿಕಾರಿಗಳಿಗೆಲ್ಲ ಬನಿಯನ್ನಿನಲ್ಲೇ ಫೋನ್ ಮಾಡಿದರು. ಆರು ವರ್ಷದಲ್ಲಿ ಒಬ್ಬರೂ ಮಾಡಿರಲಿಲ್ಲ.

ಪೊಲೀಸಿನವನು ಬಂದ. “ರಸ್ತೆಗೆ ಅಡ್ಡ ಇಟ್ಟಿದ್ದೀಯಲ್ಲಮ್ಮಾ, ಕೇಸ್ ಹಾಕ್ತೀನಿ.”

“ಅಡ್ಡ ಆಗಲಿ ಅಂತಲೇ ಇಟ್ಟಿದ್ದೀನಿ. ಹೆಸರು ಸೀತಾಮಹಾಲಕ್ಷ್ಮಿ. ಪೂರ್ತಿ ಬರೆದುಕೋ.”

“ನಂದೂ ಬರ್ಕೊಳಿ,” ಎಂದೆ ನಾನು. ಸಾಲಿನಲ್ಲಿ ಇದ್ದವರೂ ಒಬ್ಬೊಬ್ಬರಾಗಿ ಹೆಸರು ಹೇಳಲು ಶುರು ಮಾಡಿದರು. ಆತ ಹದಿನಾರು ಹೆಸರು ಬರೆದುಕೊಂಡು, ಪುಸ್ತಕ ಮುಚ್ಚಿ, ತಿರುವಿನ ಹತ್ತಿರ ಹೋಗಿ ತಾನೇ ಕೈ ಅಡ್ಡ ಹಿಡಿದು ನಿಂತ.

ನಾಲ್ಕು ದಿನ ಗಾಡಿ ಅಲ್ಲೇ ಇತ್ತು. ಹಗಲು ಅವಳು, ಊಟದ ಹೊತ್ತಿಗೆ ನಾನು. ಐದನೆಯ ದಿನ ರೋಲರ್ ಬಂತು. ಬಂದವರನ್ನು ಅವಳೇ ಕರೆದುಕೊಂಡು ಹೋಗಿ, ಕಾಲಿನಿಂದ ಗೆರೆ ಎಳೆದು, ಇಲ್ಲಿಂದ ಇಲ್ಲಿಗೆ ಅಂದಳು. ಡಾಂಬರು ಹಾಕಿದರು. ಬಿಳಿ ಪಟ್ಟೆ ಬಳಿದರು.

ಮೊದಲು ಬಂದದ್ದು ಜಲ್ಲಿ ತುಂಬಿದ ಟಿಪ್ಪರು. ಉಬ್ಬಿನ ಹತ್ತಿರ ಮುಗ್ಗರಿಸಿ, ಗೇರು ಇಳಿಸಿ, ಏದುಸಿರು ಬಿಡುತ್ತಾ ಹತ್ತಿ ಇಳಿಯಿತು. ನಾನು ರಸ್ತೆಯ ಬದಿಗೆ ಕೂತುಬಿಟ್ಟೆ. ಇಷ್ಟೇನಾ ಅನ್ನಿಸಿತು. ಒಂದು ಮಾರು ಡಾಂಬರು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಟ್ಟ ಮಾತಿನಲ್ಲಿ ಬೈದ. ಯಾರು ಹಾಕಿಸಿದ್ದು ಈ ದಿಬ್ಬ ಎಂದ.

“ನಾನೇ ಹಾಕಿಸಿದ್ದು ನಾಯನಾ,” ಎಂದಳು ಅವಳು. “ಎಷ್ಟು ಬೇಕಾದರೂ ಬೈ. ಬೈತಾ ಬೈತಾ ನಿಧಾನವಾಗಿ ಹೋಗು.”

ಆ ಹಂಪ್ ಬಿದ್ದದ್ದು ಕಾಲೊನಿಯ ಕಡೆಯ ಅರ್ಧ ರಸ್ತೆಗೆ ಮಾತ್ರ. ಬಸ್ ಸ್ಟಾಪಿನ ಕಡೆಯ ಅರ್ಧಕ್ಕೆ ಇನ್ನೂ ಹಾಕಿಲ್ಲ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಸೀತಾಮಹಾಲಕ್ಷ್ಮಿ ಮುಂದಿನ ವರ್ಷದ ತನಕ ಕಾಯುವವಳಲ್ಲ. ನಿನ್ನೆಯಿಂದ ಗಾಡಿ ಆ ಕಡೆ ನಿಂತಿದೆ.